ಡೈರೆಕ್ಟರಿ ಮೇಲೆ ಬಡಿಯುತ್ತಿದ್ದ ಕೈ

ನೀವು ಕೇಳಿರುವುದು ಇಷ್ಟು: ‘ರಾಕ್ ಅಂಡ್ ರೋಲ್ ಶುರುವಾದ ಕಾಲದ ರೇಡಿಯೋ ಡಿಜೆಗಳ ಹೆಸರೆತ್ತಿದರೆ ಅಮೆರಿಕದ ಮುದುಕರು ಈಗಲೂ ಕರಗಿಹೋಗುತ್ತಾರಂತೆ. ಹಾಡಿದವರು ಬೇರೆಯವರು, ಬರೀ ತಟ್ಟೆ ತಿರುಗಿಸಿದವನ ಮೇಲೆ ಯಾಕಿಷ್ಟು ಪ್ರೀತಿ?’

ನಾನು ಸಂಗೀತ ಬಲ್ಲವನೇನಲ್ಲ. ಹಾಸನದ ಕಡೆಯವನು, ಕೆಲಸದ ದೆಸೆಯಿಂದ ಹದಿನೈದು ವರ್ಷದಿಂದ ಕ್ಲೀವ್‌ಲ್ಯಾಂಡ್‌ನಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ಎಂಬತ್ತೈದರ ಅಜ್ಜ ಒಬ್ಬರಿದ್ದಾರೆ. ಚಳಿಗಾಲದಲ್ಲಿ ಅವರ ಮನೆ ಮುಂದಿನ ಹಿಮ ನಾನು ಗೋರಿ ಹಾಕುತ್ತೇನೆ, ಅವರು ಒಳಗೆ ಕರೆದು ಕಾಫಿ ಕೊಡುತ್ತಾರೆ. (ಹಾಸನದವನು ಅದನ್ನು ಕಾಫಿ ಅನ್ನಲಾರ, ಆ ಮಾತು ಬಿಡಿ.) ಕಾಫಿ ಜೊತೆ ಕತೆ. ಆ ಕತೆಗಳಲ್ಲಿ ಅರ್ಧ ಅಲನ್ ಫ್ರೀಡ್ ಎಂಬ ಡಿಜೆಯವು. ಹಾಗಾಗಿ ಈ ಉತ್ತರವೂ ಬಹುಪಾಲು ಅವನದೇ.

ಫ್ರೀಡ್ 1951ರ ಜುಲೈನಲ್ಲಿ ಇಲ್ಲಿನ ಡಬ್ಲ್ಯುಜೆಡಬ್ಲ್ಯು ಸ್ಟೇಷನ್ನಿನಲ್ಲಿ ತಡರಾತ್ರಿಯ ಕಾರ್ಯಕ್ರಮ ಹಿಡಿದ. ಅದರ ಹಿಂದೆ ಇದ್ದದ್ದು ಲಿಯೋ ಮಿಂಟ್ಜ್ ಎಂಬ ಅಂಗಡಿಯವನು. ಪ್ರಾಸ್ಪೆಕ್ಟ್ ಅವೆನ್ಯೂದಲ್ಲಿ ಅವನದು ‘ರೆಕಾರ್ಡ್ ರಾಂಡೆವೂ’ ಅನ್ನುವ ರೆಕಾರ್ಡ್ ಅಂಗಡಿ. ಕಪ್ಪು ಗಾಯಕರ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಬಿಳಿಯರ ಮಕ್ಕಳೂ ಕೊಳ್ಳುತ್ತಿದ್ದಾರೆ ಅನ್ನುವುದು ರೇಡಿಯೋದವರಿಗಿಂತ ಮೊದಲು ಕಂಡದ್ದು ಅವನ ಕಣ್ಣಿಗೆ. ಇದನ್ನೇ ರೇಡಿಯೋದಲ್ಲಿ ಹಾಕು, ಪ್ರಾಯೋಜಕ ನಾನಾಗುತ್ತೇನೆ ಎಂದ. ಫ್ರೀಡ್ ‘ಮೂನ್‌ಡಾಗ್’ ಎಂದು ಹೆಸರಿಟ್ಟುಕೊಂಡ. ಕೇಳುವವರೆಲ್ಲ ಮೂನ್‌ಡಾಗರ್‌ಗಳು, ಅವರಿಗೆ ಅವನೇ ರಾಜ.

ಈಗ ನಿಮ್ಮ ‘ತಟ್ಟೆ ತಿರುಗಿಸಿದವನು’ ಅನ್ನೋ ಮಾತಿಗೆ ಬರುತ್ತೇನೆ. ಅವನು ತಟ್ಟೆ ತಿರುಗಿಸಿ ಸುಮ್ಮನೆ ಕೂರುತ್ತಿರಲಿಲ್ಲ. ಮುಂದೆ ಒಂದು ದಪ್ಪ ಟೆಲಿಫೋನ್ ಡೈರೆಕ್ಟರಿ. ಹಾಡು ಓಡುತ್ತಿರುವಾಗಲೇ ಮೈಕ್ ತೆರೆದಿಟ್ಟು ತಾಳಕ್ಕೆ ಸರಿಯಾಗಿ ಅದರ ಮೇಲೆ ಬಡಿಯುತ್ತಿದ್ದ. ದನದ ಕೊರಳ ಗಂಟೆ ಅಲ್ಲಾಡಿಸುತ್ತಿದ್ದ. ನಡುನಡುವೆ ನಾಯಿಯ ಹಾಗೆ ಊಳಿಡುತ್ತಿದ್ದ. ಅಜ್ಜ ಒಮ್ಮೆ ಊಟದ ಮೇಜಿನ ಮೇಲಿದ್ದ ಬೀಜದ ಕ್ಯಾಟಲಾಗ್ ಎಳೆದುಕೊಂಡು ನನಗೆ ತೋರಿಸಿಕೊಟ್ಟರು. ಅಂಗೈಯಿಂದಲ್ಲ, ಮುಷ್ಟಿಯ ಬದಿಯಿಂದ, ಧಪ್, ಧಪ್. ಕಪ್ಪಿನಲ್ಲಿದ್ದ ಕಾಫಿ ಸಾಸರಿಗೆ ಚೆಲ್ಲಿತು. ‘ಈ ಸದ್ದು ರೆಕಾರ್ಡಿನಲ್ಲಿ ಇರಲಿಲ್ಲ’ ಅಂದರು. ‘ದುಡ್ಡು ಕೂಡಿಟ್ಟು ಅದೇ ಹಾಡು ಕೊಂಡು ತಂದು ಮನೇಲಿ ಹಾಕಿದರೆ, ಏನೋ ಕಳೆದುಹೋದ ಹಾಗಿತ್ತು. ಅಂಗಡಿಯವನು ಬೇರೆ ರೆಕಾರ್ಡ್ ಕೊಟ್ಟಿದ್ದಾನೆ ಅಂದುಕೊಂಡು ವಾಪಸ್ ತಗೊಂಡು ಹೋಗಿದ್ದೆ.’

ನನ್ನ ಕೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಅವರ ಕಿವಿಯಲ್ಲಿ ಉಳಿದಿರುವ ಹಾಡು ಗಾಯಕನೊಬ್ಬನದಲ್ಲ. ಆ ಬಡಿತವೂ ಸೇರಿದ್ದು.

ಇನ್ನೊಂದು, ಅದು ಕದ್ದು ಕೇಳಿದ್ದು. ಜೇಬಿನಲ್ಲಿಡುವ ಟ್ರಾನ್ಸಿಸ್ಟರ್ ಅಂಗಡಿಗೆ ಬಂದದ್ದೇ 1954ರ ಕೊನೆಗೆ. ಅದಕ್ಕೆ ಮುಂಚೆ ವಾಲ್ವ್ ರೇಡಿಯೋ. ಹಾಕಿದ ಕೂಡಲೇ ಮಾತಾಡುವುದಿಲ್ಲ, ಬಿಸಿಯಾಗಬೇಕು, ಧೂಳು ಸುಟ್ಟ ವಾಸನೆ ಬರಬೇಕು. ಅಜ್ಜನಿಗೆ ಆಗ ಹನ್ನೆರಡು ವರ್ಷ. ಡಯಲ್ಲಿನ ಹಳದಿ ಬೆಳಕು ಬಾಗಿಲ ಸಂದಿಯಿಂದ ಅಪ್ಪನಿಗೆ ಕಾಣದಿರಲಿ ಎಂದು ಮೇಲೆ ಅಂಗಿ ಹೊದಿಸುತ್ತಿದ್ದರಂತೆ. ಒಂದು ರಾತ್ರಿ ಅಂಗಿಯ ಬೆನ್ನು ಕಂದಿತು. ಇಸ್ತ್ರಿ ಪೆಟ್ಟಿಗೆ ಮೇಲೆ ತಪ್ಪು ಹಾಕಿ ಅಮ್ಮನಿಂದ ಪಾರಾದರು.

ನಮ್ಮಲ್ಲಿಯೂ ಹತ್ತಿರ ಹತ್ತಿರ ಅದೇ ಸಮಯದಲ್ಲಿ ಇಂಥದ್ದೊಂದು ನಡೆಯಿತಲ್ಲ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡನ್ನು ಹೊರಗಿಟ್ಟಿತು, ಜನ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು, ಬುಧವಾರ ರಾತ್ರಿಯ ಬಿನಾಕಾ ಗೀತಮಾಲಾದ ಅಮೀನ್ ಸಯಾನಿ ಮನೆಯವರೇ ಆಗಿಬಿಟ್ಟರು. ನಮ್ಮಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ, ಆದರೂ ಸಯಾನಿ ದನಿ ಅನುಕರಿಸುವುದರಲ್ಲಿ ಎತ್ತಿದ ಕೈ. ಅದಕ್ಕೇ ಅಜ್ಜನ ಮಾತು ನನಗೆ ಬೇಗ ಹತ್ತಿತು ಅನ್ನಿಸುತ್ತದೆ.

1952ರ ಮಾರ್ಚ್ 21ರಂದು ಯೂಕ್ಲಿಡ್ ಅವೆನ್ಯೂದ ಕ್ಲೀವ್‌ಲ್ಯಾಂಡ್ ಅರೀನಾದಲ್ಲಿ ‘ಮೂನ್‌ಡಾಗ್ ಕಾರೊನೇಷನ್ ಬಾಲ್’ ಅನ್ನೋ ಕಾರ್ಯಕ್ರಮ ಇಟ್ಟರು. ಸುಮಾರು 10,000 ಜನ ಹಿಡಿಸುವ ಜಾಗ, ಬಂದದ್ದು ಅದರ ದುಪ್ಪಟ್ಟು ಎಂದು ಅಂದಾಜು. ಬಾಗಿಲು ಮುರಿದು ನುಗ್ಗಿದರು. ಪಾಲ್ ವಿಲಿಯಮ್ಸ್ ತಂಡ ನುಡಿಸಲು ಶುರುಮಾಡಿದ್ದಷ್ಟೇ, ಅಧಿಕಾರಿಗಳು ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳಿಸಿದರು. ಇದನ್ನೇ ಈಗ ಜಗತ್ತಿನ ಮೊದಲ ರಾಕ್ ಸಂಗೀತ ಕಛೇರಿ ಅನ್ನುತ್ತಾರೆ. ಪೂರ್ತಿ ನಡೆಯದ ಕಛೇರಿಗೆ ಆ ಬಿರುದು! ಅಜ್ಜನ ಅಣ್ಣ ಟಿಕೆಟ್ ತೆಗೆದುಕೊಂಡು ಹೋಗಿ ಒಳಗೆ ಕಾಲಿಡಲಾಗದೆ ಒಂದು ಶೂ ಕಳೆದುಕೊಂಡು ಬಂದನಂತೆ. ಮರುದಿನ ಫ್ರೀಡ್ ರೇಡಿಯೋದಲ್ಲೇ ಕ್ಷಮೆ ಕೇಳಿದ. ಅಣ್ಣ ಅಷ್ಟಕ್ಕೇ ಸಮಾಧಾನವಾದ.

ಫ್ರೀಡ್ ಒಬ್ಬನೇ ಅಲ್ಲ. ಮೆಂಫಿಸ್‌ನಲ್ಲಿ ಡ್ಯೂಯಿ ಫಿಲಿಪ್ಸ್ ಇದ್ದ. 1954ರ ಜುಲೈನಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ರೆಕಾರ್ಡನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿ, ಸಿನಿಮಾ ನೋಡುತ್ತಾ ಕೂತಿದ್ದ ಹುಡುಗನನ್ನು ಸ್ಟುಡಿಯೋಗೆ ಕರೆಸಿ, ಯಾವ ಹೈಸ್ಕೂಲು ಎಂದು ಕೇಳಿದ. ‘ಹ್ಯೂಮ್ಸ್’ ಎಂದ ಹುಡುಗ. ಬಿಳಿಯರ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಎಂದು ಶಾಲೆಗಳೇ ಬೇರೆ ಬೇರೆ ಇದ್ದ ಊರು ಅದು. ಆ ಒಂದು ಹೆಸರಿನಿಂದಲೇ ಹಾಡಿದವನು ಬಿಳಿಯ ಎಂದು ಊರಿಗೆಲ್ಲ ಗೊತ್ತಾಯಿತು. ನ್ಯಾಶ್‌ವಿಲ್‌ನ ಡಬ್ಲ್ಯುಎಲ್‌ಎಸಿ ಸ್ಟೇಷನ್ನಿನ ಡಿಜೆ ಜಾನ್ ಆರ್. ವಿಷಯ ಇದಕ್ಕೆ ಉಲ್ಟಾ: ಬಿಳಿಯನೇ, ಆದರೆ ದನಿ ಕೇಳಿ ಕಪ್ಪು ಮನುಷ್ಯ ಎಂದೇ ಎಷ್ಟೋ ಜನ ನಂಬಿದ್ದರು. ಆ ಸ್ಟೇಷನ್ನಿನ ಮೀಡಿಯಂ ವೇವ್ ರಾತ್ರಿ ಹೊತ್ತು ಎಷ್ಟೋ ರಾಜ್ಯ ದಾಟಿ ಕೇಳಿಸುತ್ತಿತ್ತು. ಹಾಡಿನ ಮಧ್ಯೆ ಅಂಚೆಯಲ್ಲಿ ಕೋಳಿಮರಿ ತರಿಸಿಕೊಳ್ಳಿ ಎಂದು ಜಾಹೀರಾತು ಬೇರೆ.

ಫ್ರೀಡ್ ದೇವರಂಥವನೇನಲ್ಲ, ಅದನ್ನೂ ಹೇಳಬೇಕು. ‘ರಾಕ್ ಅಂಡ್ ರೋಲ್’ ಪದ ಅವನ ಸೃಷ್ಟಿಯಲ್ಲ, ಕಪ್ಪು ಜನರ ಹಾಡು, ಆಡುಮಾತಿನಲ್ಲಿ ಮೊದಲೇ ಇತ್ತು, ಇವನು ಹರಡಿದ. ‘ಮೂನ್‌ಡಾಗ್’ ಹೆಸರು ನ್ಯೂಯಾರ್ಕಿನ ಬೀದಿಯಲ್ಲಿ ನುಡಿಸುತ್ತಿದ್ದ ಲೂಯಿಸ್ ಹಾರ್ಡಿನ್ ಎಂಬ ಅಂಧ ಸಂಗೀತಗಾರನದು. ಫ್ರೀಡ್ 1954ರಲ್ಲಿ ನ್ಯೂಯಾರ್ಕಿನ ವಿನ್ಸ್ ಸ್ಟೇಷನ್ನಿಗೆ ಹೋದಾಗ ಹಾರ್ಡಿನ್ ಅವನನ್ನು ಕೋರ್ಟಿಗೆ ಎಳೆದು ಹೆಸರು ಬಿಡಿಸಿದರು. ಕಪ್ಪು ಗಾಯಕ ಚಕ್ ಬೆರಿಯ ‘ಮೇಬೆಲೀನ್’ ಹಾಡು ಬರೆದವರ ಪಟ್ಟಿಯಲ್ಲಿ ಒಂದು ಸಾಲೂ ಬರೆಯದ ಫ್ರೀಡ್ ಹೆಸರು 1986ರವರೆಗೂ ಇತ್ತು. ದುಡ್ಡು ತಗೊಂಡು ಹಾಡು ಹಾಕುವ ಪೇಯೋಲಾ ಹಗರಣದಲ್ಲಿ 1959ರಲ್ಲಿ ಕೆಲಸ ಹೋಯಿತು, 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದ. 1965ರ ಜನವರಿಯಲ್ಲಿ ಸತ್ತಾಗ ವಯಸ್ಸು ಬರೀ 43. ಇದನ್ನೆಲ್ಲ ಹೇಳಿದರೆ ಅಜ್ಜ ಅಲ್ಲಗಳೆಯುವುದಿಲ್ಲ. ‘ತಿಂದ, ಹೌದು. ಆದರೆ ಕಪ್ಪು ಗಾಯಕರ ಹಾಡನ್ನು ಬಿಳಿಯರ ಹತ್ತಿರ ಮತ್ತೆ ಹಾಡಿಸಿ ಸಪ್ಪೆ ಮಾಡಿ ಮಾರುತ್ತಿದ್ದರಲ್ಲ, ಅದನ್ನು ಹಾಕದೆ ಮೂಲದ್ದನ್ನೇ ಹಾಕಿದ’ ಅನ್ನುತ್ತಾರೆ. ಚಕ್ ಬೆರಿಗೆ ಇದು ನ್ಯಾಯವಾಯಿತೆ ಅಂದರೆ ನನ್ನ ಹತ್ತಿರ ಉತ್ತರವಿಲ್ಲ, ಅಜ್ಜನ ಹತ್ತಿರವೂ ಇಲ್ಲ.

ಹೋದ ವರ್ಷ ಅವರನ್ನು ಕಾರಿನಲ್ಲಿ ಲೇಕ್ ವ್ಯೂ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದೆ. ಫ್ರೀಡ್ ಬೂದಿ ಕೆಲ ವರ್ಷ ಇಲ್ಲಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮ್ಯೂಸಿಯಮ್ಮಿನಲ್ಲಿತ್ತು. 2014ರಲ್ಲಿ ತೆಗೆದುಕೊಂಡು ಹೋಗಿ ಎಂದರು. ಈಗ ರಾಕ್‌ಫೆಲರ್, ಅಧ್ಯಕ್ಷ ಗಾರ್ಫೀಲ್ಡ್ ಇರುವ ಅದೇ ಸ್ಮಶಾನದಲ್ಲಿ ಜೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಆಕಾರದ ಕಲ್ಲಿನ ಕೆಳಗಿದೆ. ಅಜ್ಜ ಕಲ್ಲಿನ ಎದುರು ಸುಮಾರು ಹೊತ್ತು ನಿಂತು, ನನಗೆ ಅದುವರೆಗೆ ಹೇಳದ ಒಂದು ಕತೆ ಹೇಳಿದರು.

ಹದಿಮೂರನೇ ವಯಸ್ಸಿಗೆ ತರಗತಿಯ ಹುಡುಗಿಯೊಬ್ಬಳಿಗೆ ಒಂದು ಹಾಡು ಅರ್ಪಿಸಿ ಎಂದು ಫ್ರೀಡ್‌ಗೆ ಕಾರ್ಡ್ ಬರೆದಿದ್ದರಂತೆ. ಹನ್ನೊಂದು ರಾತ್ರಿ ಕಣ್ಣಿಗೆ ತಣ್ಣೀರು ಹಾಕಿಕೊಂಡು ಕಾದರು. ಹನ್ನೆರಡನೇ ರಾತ್ರಿ ನಿದ್ದೆ ಹತ್ತಿತು. ಬೆಳಗ್ಗೆ ಸ್ಕೂಲಿಗೆ ಹೋದರೆ ಗೆಳೆಯರೆಲ್ಲ ಕೇಕೆ ಹಾಕುತ್ತಿದ್ದಾರೆ: ನಿನ್ನ ಹೆಸರು ಬಂತು, ಅವಳ ಹೆಸರೂ ಬಂತು! ಹುಡುಗಿ ಆ ವರ್ಷವಿಡೀ ಇವರ ಕಡೆ ತಿರುಗಿ ನೋಡಲಿಲ್ಲ.

‘ಯಾವ ಹಾಡು ಹಾಕಿದ?’ ಎಂದೆ.

‘ಅದನ್ನು ಯಾರೂ ಗಮನಿಸಿರಲಿಲ್ಲ ಕಣಪ್ಪ’ ಅನ್ನೋ ಧಾಟಿಯಲ್ಲಿ ಕೈ ಆಡಿಸಿ ಕಾರಿನ ಕಡೆ ನಡೆದರು.