ಪ್ರತಿಕ್ರಿಯೆ: ಸಾದಾ ಲೈಟಿನ ಟ್ಯಾಂಕಿಗೆ ಯಾವ ಗಿಡ?

40 ಲೀಟರ್ ಮೀನಿನ ಟ್ಯಾಂಕ್, ತಳದಲ್ಲಿ ಬರೀ ಜಲ್ಲಿ, ಸಾದಾ ಎಲ್‌ಇಡಿ ಲೈಟು, ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬಿಡುವ ವ್ಯವಸ್ಥೆ ಇಲ್ಲ, ಒಳಗೆ ಗಪ್ಪಿ ಮೀನುಗಳು, ಯಾವ ಗಿಡ ಹಾಕಲಿ ಅಂದಿದ್ದೀರಿ. ಇಷ್ಟಿದ್ದರೆ ಧಾರಾಳ ಸಾಕು. ಅನುಬಿಯಾಸ್ ಮತ್ತು ಜಾವಾ ಫರ್ನ್ ಅನ್ನೋ ನೀರಿನ ಗಿಡಗಳನ್ನು ತನ್ನಿ.

ಒಂದೇ ಎಚ್ಚರಿಕೆ. ಇವುಗಳ ಎಲೆ, ಬೇರು ಎರಡೂ ಹೊರಡುವ ದಪ್ಪ ಅಡ್ಡ ಕಾಂಡವನ್ನು ಜಲ್ಲಿಯೊಳಗೆ ಹೂಳಬೇಡಿ, ಕೊಳೆತುಹೋಗುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿಬಿಡಿ. ಆಮೇಲೆ ಬೇರುಗಳೇ ಹಿಡಿದುಕೊಳ್ಳುತ್ತವೆ. ಜಾವಾ ಫರ್ನ್ ಎಲೆಯ ಹಿಂಬದಿ ಕಂದು ಚುಕ್ಕೆಗಳ ಸಾಲು ಕಂಡರೆ ಸುಮ್ನೆ ಗಾಬರಿಯಾಗಬೇಡಿ, ಅವು ಬೀಜಕಣಗಳ ಗೂಡು.

ಜಲ್ಲಿಯಲ್ಲೇ ನೆಡಬೇಕು ಅನ್ನಿಸಿದರೆ ಕ್ರಿಪ್ಟೋಕೋರಿನ್ ಅನ್ನೋ ಗಿಡ ಒಳ್ಳೆಯದು. ಹೊಸ ನೀರಿಗೆ ಬಂದ ಮೇಲೆ ಅದರ ಎಲೆಗಳೆಲ್ಲ ಕರಗಿಹೋಗಬಹುದು. ಸತ್ತಿತು ಅಂತ ಕಿತ್ತು ಎಸೆಯುವವರೇ ಜಾಸ್ತಿ! ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಬರೀ ಜಲ್ಲಿಯಲ್ಲಿ ಸತ್ವ ಇರುವುದಿಲ್ಲ ಅಲ್ವಾ, ಹಾಗಾಗಿ ಬುಡಕ್ಕೊಂದು ಗೊಬ್ಬರದ ಮಾತ್ರೆ ಇಡಿ.

ಲೈಟು ದಿನಕ್ಕೆ 6ರಿಂದ 8 ಗಂಟೆ ಸಾಕು. ಹೆಚ್ಚು ಹೊತ್ತು ಉರಿಸಿದರೆ ಗಿಡಕ್ಕಿಂತ ಪಾಚಿಯೇ ಚೆನ್ನಾಗಿ ಬೆಳೆಯುತ್ತದೆ. ಅನುಬಿಯಾಸ್ ತುಂಬಾ ನಿಧಾನ, ಪಾಚಿ ಮೊದಲು ಕೂರುವುದೇ ಅದರ ಎಲೆ ಮೇಲೆ. ಅದನ್ನು ನೆರಳಿರುವ ಮೂಲೆಯಲ್ಲಿಡಿ. ಗಪ್ಪಿಗಳು ಇವನ್ನು ತಿಂದು ಹಾಳುಮಾಡುವುದಿಲ್ಲ. ಮುಂದೆ ಗೋಲ್ಡ್‌ಫಿಶ್ ತರುವ ಯೋಚನೆಯಿದ್ದರೆ ಮಾತ್ರ ಮೊದಲೇ ಹೇಳಿ.