ಮುಚ್ಚಿಡೋಕೆ ಏನೂ ಇಲ್ಲದವರಿಗೂ ಸಿಗ್ನಲ್ ಬೇಕಾ?

ಪ್ರಶ್ನೆ: ವಾಟ್ಸ್‌ಆ್ಯಪ್ ಮೆಸೇಜುಗಳೂ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದೋಕಾಗಲ್ಲ ಅಂತಾರೆ. ಮತ್ತೆ ಸಿಗ್ನಲ್ ಅನ್ನೋ ಇನ್ನೊಂದು ಮೆಸೇಜಿಂಗ್ ಆ್ಯಪ್ ಹಾಕಿಕೊಳ್ಳಿ ಅಂತ ಯಾಕೆ ಹೇಳುತ್ತೀರಿ? ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ.
ಓದುಗರೊಬ್ಬರು, ದಾವಣಗೆರೆ

ಉತ್ತರ: ಎನ್‌ಕ್ರಿಪ್ಟ್ ಆಗಿರುವುದು ನಿಜ. 2016ರಿಂದ ವಾಟ್ಸ್‌ಆ್ಯಪ್ ಬಳಸುತ್ತಿರುವುದು ಸಿಗ್ನಲ್‌ನವರೇ ಮಾಡಿದ ಪ್ರೋಟೋಕಾಲ್, ಅಂದರೆ ಮೆಸೇಜಿಗೆ ಬೀಗ ಹಾಕುವ ವಿಧಾನ. ಆದರೆ ನೀವು ಯಾರ ಜೊತೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಮಾತಾಡಿದಿರಿ, ಯಾವ ಗ್ರೂಪಿನಲ್ಲಿದ್ದೀರಿ ಅನ್ನುವ ಮಾಹಿತಿ ಇದೆಯಲ್ಲ, ಅದಕ್ಕೆ ಆ ಬೀಗ ಇಲ್ಲ. ರಾತ್ರಿ ಕ್ಯಾನ್ಸರ್ ಡಾಕ್ಟರಿಗೆ, ಆಮೇಲೆ ಅಣ್ಣನಿಗೆ, ಬೆಳಿಗ್ಗೆ ಇನ್ಶೂರೆನ್ಸ್ ಏಜೆಂಟಿಗೆ ಮೆಸೇಜ್ ಹೋಗಿದೆ ಅಂದರೆ ಒಳಗೇನಿತ್ತು ಅಂತ ಯಾರೂ ಓದಬೇಕಾಗಿಯೇ ಇಲ್ಲ, ಅಲ್ವಾ?

2016ರಲ್ಲಿ ಅಮೆರಿಕದಲ್ಲಿ ಕೋರ್ಟ್ ಮೂಲಕ ಸಿಗ್ನಲ್‌ನಿಂದ ಮಾಹಿತಿ ಕೇಳಿದರು. ಸಿಗ್ನಲ್‌ನವರ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಕನೆಕ್ಟ್ ಆದ ದಿನ. ಉಳಿದದ್ದನ್ನು ಅವರು ಇಟ್ಟುಕೊಂಡೇ ಇರಲಿಲ್ಲ. ನನಗೆ ಸಿಗ್ನಲ್ ಇಷ್ಟವಾಗುವುದು ಇದಕ್ಕೇ.

ಮುಚ್ಚಿಡೋಕೆ ಏನೂ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಏನನ್ನೋ ಮುಚ್ಚಿಡೋಕೆ ಕೋರ್ಟಿಗೆ ಹೋದವರಲ್ಲ.

ನೆಂಟರೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಇದ್ದಾರೆ ಅಂತ ಸುಮ್ನೆ ಕೂರಬೇಡಿ. ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್‌ಗೆ ಹೋಗಿ, ಅದಕ್ಕೂ ಎನ್‌ಕ್ರಿಪ್ಷನ್ ಆನ್ ಮಾಡಿ. ಪಾಸ್‌ವರ್ಡ್ ಮಾತ್ರ ಬರೆದಿಟ್ಟುಕೊಳ್ಳಿ.