ಎಪಿಡೆಮಿಯಾಲಜಿಸ್ಟ್ ಆಗಲು ಎಂಬಿಬಿಎಸ್ ಬೇಕೇ ಬೇಕಾ?

ಎಂಬಿಬಿಎಸ್ ಸೀಟು ಸಿಗಲಿಲ್ಲ, ಬಿಎಸ್ಸಿ ಮುಗಿದಿದೆ, ರೋಗ ಯಾರಿಗೆ, ಎಲ್ಲಿ, ಯಾಕೆ ಹರಡುತ್ತದೆ ಅಂತ ಪತ್ತೆಹಚ್ಚುವ ಈ ಎಪಿಡೆಮಿಯಾಲಜಿ ಫೀಲ್ಡಿಗೆ ಬರಬಹುದಾ, ಇಡೀ ದಿನ ಕಂಪ್ಯೂಟರ್ ಮುಂದೇನಾ ಕೆಲಸ ಅಂತ ಕೇಳಿದ್ದೀರಿ. ಬರಬಹುದು. ನಾನೇ ಶಿವಮೊಗ್ಗದಲ್ಲಿ ವೆಟರ್ನರಿ ಓದಿದವನು, ಆಮೇಲೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಮಾಡಿ ಈ ಕಡೆ ಬಂದೆ. ಬಿಎಸ್ಸಿ ಆದವರನ್ನೂ ಎಂಪಿಎಚ್‌ಗೆ ಸೇರಿಸಿಕೊಳ್ಳುವ ಕಾಲೇಜುಗಳಿವೆ. ಆದರೆ ಕೆಲವು ಸರ್ಕಾರಿ ಹುದ್ದೆಗೆ ಎಂಬಿಬಿಎಸ್ಸೇ ಬೇಕು, ಜಿಲ್ಲಾ ಮಟ್ಟದ ಕೆಲಸಗಳಂತೂ ಜಾಸ್ತಿ ಗುತ್ತಿಗೆಯವೇ. ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಊರವರಿಗೆ ಜ್ವರ ಬಂತು. ಹಳದಿ ಜ್ವರ ಇರಬೇಕು ಅಂತ ಮೊದಲು ಅನುಮಾನಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ವೈರಸ್ಸೇ ಬೇರೆ, ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಉಣ್ಣಿ. ಬರೀ ಲ್ಯಾಬಿನಲ್ಲಿ ಕೂತರೆ ಇಂಥದ್ದು ಪೂರ್ತಿ ಗೊತ್ತಾಗುವುದಿಲ್ಲ. ಯಾರು ಕಾಡಿಗೆ ಹೋಗಿದ್ದರು, ಮಂಗ ಎಲ್ಲಿ ಬಿದ್ದಿತ್ತು, ದನ ಎಲ್ಲಿ ಮೇಯುತ್ತದೆ, ಕೊಟ್ಟಿಗೆಗೆ ದರಗು ತರುವವರು ಯಾರು ಅಂತ ಮನೆಮನೆಗೆ ಹೋಗಿ ಕೇಳಬೇಕು. ಇವತ್ತಿಗೂ ಅದೇ ಕೆಲಸ. ಮಂಗ ಸತ್ತ ಸುದ್ದಿ ಬೇಗ ಸಿಕ್ಕರೆ ಸುತ್ತ ಔಷಧಿ ಹೊಡೆದು ಜನರನ್ನು ಆ ಕಡೆ ಬಿಡದೆ ಇರಬಹುದು, ಆದರೆ ಆ ಸುದ್ದಿ ಕೊಡುವುದು ಸೊಪ್ಪಿಗೆ ಹೋದವರು, ಇಲ್ಲವೇ ಆಶಾ ಕಾರ್ಯಕರ್ತೆ. ಅವರನ್ನು ಒಮ್ಮೆ ಗದರಿಸಿ ನೋಡಿ, ಮುಂದಿನ ಸಲ ಹೇಳುವುದೇ ಇಲ್ಲ.

ಈ ಫೀಲ್ಡಿನ ಬಗ್ಗೆ ನನಗೊಂದು ತಕರಾರೂ ಇದೆ. ಮಂಗನ ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಯಾವ ನೂರು ಜನ? ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ಅಷ್ಟೇ. ಸಣ್ಣ ಜ್ವರಕ್ಕೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಮತ್ತೆ ಅಡಿಕೆ ಸುಲಿಯಲು ಕೂತವರು ಲೆಕ್ಕಕ್ಕೇ ಬರುವುದಿಲ್ಲ ಅಲ್ವಾ? ಹೊಸಬರು ಬಣ್ಣಬಣ್ಣದ ಗ್ರಾಫ್ ಚೆನ್ನಾಗಿ ಮಾಡುತ್ತಾರೆ, ಯಾವುದರಿಂದ ಭಾಗಿಸಿದಿರಿ ಅಂದರೆ ಸುಮ್ಮನಾಗುತ್ತಾರೆ. ಸ್ಟ್ಯಾಟಿಸ್ಟಿಕ್ಸ್ ಬೇಡ ಅನ್ನುತ್ತಿಲ್ಲ, ಚೆನ್ನಾಗಿಯೇ ಕಲಿಯಿರಿ, ಅದಿಲ್ಲದೆ ನಡೆಯುವುದಿಲ್ಲ.

ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಡಿಸೆಂಬರ್‌ನಿಂದ ಮೇ ತನಕ ಉಣ್ಣಿ ಕಾಟದ ಸೀಸನ್. ಆಗ ಸಾಗರ ಅಥವಾ ತೀರ್ಥಹಳ್ಳಿ ಕಡೆಯ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು, ಆಶಾ ಕಾರ್ಯಕರ್ತೆಯ ಜೊತೆ ಕೆಲವು ದಿನ ಮನೆಮನೆ ತಿರುಗಿ. ಉಣ್ಣಿ ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗಿ.